ಹೋದ ಕೂಸನ್ನೂ ಹೇಳಿ

ಕುಣಿಗಲ್ಲಿನಲ್ಲಿ ಕುದುರೆ ಫಾರಂ ಯಾವ ಕಡೆ ಎಂದರೆ ಮೂಗು ಸೋರುವ ಮಕ್ಕಳೂ ಕೈ ತೋರಿಸುತ್ತವೆ. ಅಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ ಅಕ್ರಂ ಪಾಷಾನದು. ಹೊತ್ತು ಮೂಡುವ ಮುಂಚೆ ಹೋಗಿ ಮೈ ಉಜ್ಜಬೇಕು, ಹುರುಳಿ ಬೇಯಿಸಬೇಕು, ಗೊರಸು ನೋಡಬೇಕು. ಮನೆಗೆ ಬಂದ ಮೇಲಾದರೂ ಕುದುರೆಯನ್ನು ಬಿಡುತ್ತಿದ್ದನೇ? ಎಲ್ಲಿ ಬಂತು! ಯಾವುದು ಮೇವು ಬಿಟ್ಟಿತು, ಯಾವುದು ಗಬ್ಬವಾಯಿತು, ಡಾಕ್ಟರು ಯಾವುದಕ್ಕೆ ಸೂಜಿ ಹಾಕಿದರು, ಎಲ್ಲವೂ ಊಟದ ತಟ್ಟೆಯ ಮುಂದೆ ವರದಿಯಾಗಲೇಬೇಕು. ಹೆಂಡತಿ ಸಲೀಮಾ ಒಲೆಯ ಮುಂದೆ ಕೂತು ಹೂಂಗುಟ್ಟುತ್ತಿದ್ದಳು.

ಇದು ೧೯೭೯ರ ಮಾತು. ಆ ಮನೆಯ ಒಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ನಾವು ಎಲ್ಲವನ್ನೂ ಕನ್ನಡದಲ್ಲೇ ಕೇಳೋಣ. ಸಂಕಟಕ್ಕೆ ಯಾವ ಭಾಷೆಯಾದರೇನು?

ಸಂಕಟ ಇಷ್ಟೇ. ಸಲೀಮಾ ಮದುವೆಯಾಗಿ ಬಂದು ವರ್ಷಗಳಾಗಿದ್ದವು, ಮನೆಯಲ್ಲಿ ಮಗು ಇರಲಿಲ್ಲ. ಬಸುರಾಗಲಿಲ್ಲವೆಂದಲ್ಲ. ಮೂರು ಸಲ ಆದಳು. ಮೂರೂ ಸಲ ಹೊಟ್ಟೆ ತುಸು ಕಾಣಿಸಿಕೊಂಡ ಹೊತ್ತಿಗೆ, ಐದನೇ ತಿಂಗಳಲ್ಲಿ, ದೊಡ್ಡ ನೋವೂ ಇಲ್ಲದೆ ಜಾರಿಹೋಯಿತು. ಮೂರನೆಯದು ಹೋದಾಗ ಎದೆಯಲ್ಲಿ ಹಾಲು ಬಂತು. ಕುಡಿಯುವ ಬಾಯಿ ಇರಲಿಲ್ಲ. ಅತ್ತೆ ರಹಿಮಾ ಬೀ ಹಳೇ ಸೀರೆಯ ಪಟ್ಟಿ ಹರಿದು ಎದೆಗೆ ಬಿಗಿಯಾಗಿ ಕಟ್ಟಿದಳು. ಕಟ್ಟುತ್ತ ಒಂದು ಮಾತು ಹೇಳಿದಳು: "ಹೋಗಿದ್ದುನ್ನ ಬಾಯಲ್ಲಿ ಎತ್ಬೇಡ ಬೇಟಿ. ಎತ್ತಿದ್ರೆ ಬರೋದಕ್ಕೂ ನಜರ್ ಆಗ್ತದೆ, ದೃಷ್ಟಿ ತಾಗ್ತದೆ."

ಇದು ಅವರ ಮನೆಯೊಂದರ ಕಟ್ಟಳೆಯಲ್ಲ. ಆ ಬೀದಿಯಲ್ಲಿ ಹಿಂದೂಗಳ ಮನೆಯಲ್ಲೂ ಹಾಗೇ, ಸಾಬರ ಮನೆಯಲ್ಲೂ ಹಾಗೇ. ಹೆತ್ತು ಉಳಿದರೆ ಮಗು. ಉಳಿಯದಿದ್ದರೆ ಏನೂ ಆಗಿಯೇ ಇಲ್ಲ ಎಂಬಂತೆ ಮಾರನೆಯ ದಿನ ಪಾತ್ರೆ ತೊಳೆಯಬೇಕು.

ಪಾತ್ರೆಯೇನೋ ತೊಳೆದಳು. ಆದರೆ ಸಂಜೆಯಾದರೆ ಸಲೀಮಾಗೆ ಕಷ್ಟ. ಪಕ್ಕದ ಮನೆಯ ಮಹಾಲಕ್ಷ್ಮಮ್ಮನ ಕೂಸು ಆ ಹೊತ್ತಿಗೇ ಹಟ ಮಾಡುತ್ತಿತ್ತು. ಗೋಡೆಯ ಆ ಕಡೆ ಅದು ಅತ್ತರೆ ಈ ಕಡೆ ಇವಳ ಕೈ ತಾನಾಗಿ ಮಡಿಲಿಗೆ ಹೋಗುತ್ತಿತ್ತು. ಮೊದಲನೆಯದು ಉಳಿದಿದ್ದರೆ ಇಷ್ಟು ಹೊತ್ತಿಗೆ ಬೀದಿಯಲ್ಲಿ ಗೋಲಿ ಆಡುತ್ತಿತ್ತು ಎಂದುಕೊಳ್ಳುವಳು. ಎರಡನೆಯದಕ್ಕೆ ಈಗ ಹಾಲು ಹಲ್ಲು ಬೀಳುವ ವಯಸ್ಸು. ಯಾರಿಗೂ ಹೇಳುವ ಹಾಗಿಲ್ಲ. ಹೇಳಿಬಿಡಬೇಕು ಎಂಬ ಆಸೆ ಮಾತ್ರ ಬಿಡುತ್ತಿರಲಿಲ್ಲ.

ಈಗ ನಾಲ್ಕನೆಯದು ಹೊಟ್ಟೆಯಲ್ಲಿತ್ತು. ಮೂರು ತಿಂಗಳು. ಮನೆಯವರನ್ನು ಬಿಟ್ಟು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಸಲೀಮಾ ನಡೆಯುವಾಗಲೂ ತುಂಬಿದ ಕೊಡ ಹೊತ್ತವಳಂತೆ ನಡೆಯುತ್ತಿದ್ದಳು. ಇದಾದರೂ ನಿಲ್ಲಲಿ, ಇದಾದರೂ ನಿಲ್ಲಲಿ. ಹಗಲೆಲ್ಲ ಅದೊಂದೇ ಧ್ಯಾನ.

ಅಂಥ ಒಂದು ಬೆಳಿಗ್ಗೆ ನರ್ಸಮ್ಮ ಬಂದಳು. ಅವಳ ಹೆಸರು ಮರಿಯಮ್ಮ. ಸೈಕಲ್ ತಳ್ಳಿಕೊಂಡು ಬೀದಿ ಬೀದಿ ತಿರುಗಿ ಮಕ್ಕಳಿಗೆ ಲಸಿಕೆ ಹಾಕುವವಳು, ಎಲ್ಲರಿಗೂ ಪರಿಚಯ. ಅವತ್ತು ಅವಳ ಜೊತೆ ಬೆಂಗಳೂರಿನ ಒಬ್ಬ ಲೇಡಿ ಡಾಕ್ಟರು ಇದ್ದರು.

"ಗುಬ್ಬಿ, ಕುಣಿಗಲ್, ತುಮಕೂರು, ಈ ಕಡೆ ಹೆಂಗಸ್ರಿಗೆ ಬಸಿರು ಯಾಕೆ ನಿಲ್ಲಲ್ಲ ಅಂತ ಕಂಡುಹಿಡಿಯಕ್ಕೆ ಒಂದು ಸಂಶೋಧನೆ ಮಾಡ್ತಾ ಇದೀವಿ ರಹಿಮಾ ಬೀ," ಎಂದಳು ಮರಿಯಮ್ಮ. "ನಿಮ್ ಸೊಸೆನೂ ಸೇರ್ಬಹುದು. ಎರಡು ಮಾತು ಕೇಳ್ಬೇಕಿತ್ತು."

"ಸರ್ವೆ ಅನ್ನು. ಜಮೀನು ಅಳೆದಂಗೆ ಹೆಂಗಸ್ರುನ್ನೂ ಅಳೀತೀರಾ?" ಎಂದಳು ರಹಿಮಾ ಬೀ ಬಾಗಿಲಿಗೆ ಅಡ್ಡ ನಿಂತು.

ಡಾಕ್ಟರಮ್ಮ ನಕ್ಕು, ಒಳಗಡೆ ಪರದೆಯ ಹಿಂದೆ ನಿಂತಿದ್ದ ಸಲೀಮಾಳತ್ತ ನೋಡಿ ಕೇಳಿದರು. "ನೀನು ಎಷ್ಟು ಸಲ ಬಸುರಾಗಿದ್ದೀಯಮ್ಮ?"

ಎಷ್ಟು ಮಕ್ಕಳು ಎಂದು ಊರೆಲ್ಲ ಕೇಳಿತ್ತು. ಎಷ್ಟು ಸಲ ಬಸುರಾದೆ ಎಂದು ಯಾರೂ ಕೇಳಿರಲಿಲ್ಲ. ಸಲೀಮಾ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ ಉತ್ತರ ಕೊಟ್ಟುಬಿಟ್ಟಳು.

"ಒಂದ್ಸಲಾನೂ ಇಲ್ಲ. ಬರ್ಕೊಂಡು ಹೋಗ್ರಮ್ಮ."

"ನೀನೇ ಹೇಳಮ್ಮ," ಎಂದರು ಡಾಕ್ಟರಮ್ಮ ಮತ್ತೆ.

"ಅಮ್ಮ ಹೇಳಿದ್ದೇ ಸರಿ," ಎಂದಳು ಸಲೀಮಾ. ಅವರು ಹೋದರು.

ಮಧ್ಯಾಹ್ನ ನಲ್ಲಿಯ ಹತ್ತಿರ ಮಹಾಲಕ್ಷ್ಮಮ್ಮ ಸಿಕ್ಕಳು. ಹೆಬ್ಬೂರಿನಿಂದ ಮದುವೆಯಾಗಿ ಬಂದವಳು, ಮಹಿಳಾ ಸಮಾಜದ ಸದಸ್ಯೆ. ರೇಡಿಯೋದಲ್ಲಿ ಹೆಂಗಸರ ಕಾರ್ಯಕ್ರಮ ಬಂತೆಂದರೆ ಒಲೆಯ ಮೇಲಿನ ಸಾರು ಉಕ್ಕಿದರೂ ಏಳುವವಳಲ್ಲ.

"ಏನ್ಲೇ ಸಲೀಮಾ, ಒಂದ್ಸಲಾನೂ ಇಲ್ಲ ಅಂದ್ಯಂತೆ? ನಾನು ಗೋಡೆ ಆ ಕಡೆ ಇರೋಳು. ನಂಗೆ ಗೊತ್ತಿಲ್ವೇನೇ?"

"ನಾನಲ್ಲಕ್ಕಾ ಅಂದಿದ್ದು. ಅಮ್ಮ."

"ನಿನ್ ಹೊಟ್ಟೆ ವಿಷ್ಯ ನಿಮ್ಮತ್ತೆ ಬಾಯಲ್ಲಿ ಯಾಕೆ ಬರ್ಬೇಕು? ಕೇಳಿಲ್ಲಿ. ನಾನೂ ಸೇರ್ಕೊಂಡೆ. ನನ್ ಮೊದಲ್ನೇದು ತವರಲ್ಲಿ ಹೋಯ್ತಲ್ಲ, ಅದುನ್ನೂ ಹೇಳ್ದೆ. ಆ ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟು ಕೇಳುದ್ಲು ಕಣೇ. ಯಾವ ತಿಂಗ್ಳಲ್ಲಿ ಹೋಯ್ತು, ಮೊದ್ಲು ನೋವು ಬಂತಾ ನೀರು ಹೋಯ್ತಾ, ಆಗ ಏನು ಕೆಲ್ಸ ಮಾಡ್ತಿದ್ದೆ, ಏನು ತಿಂತಿದ್ದೆ ಅಂತ. ನನ್ ಗಂಡ ಕೂಡ ಇಷ್ಟು ವರ್ಷಕ್ಕೆ ಹಂಗೆ ಕೇಳಿಲ್ಲ. ಮನೆಗೆ ಬಂದು ಹೊಟ್ಟೆ ತುಂಬಾ ಅತ್ಬಿಟ್ಟೆ."

"ಅತ್ತು ಏನು ಬಂತಕ್ಕಾ?"

"ಏನೂ ಬರ್ಲಿಲ್ಲ. ಹಗುರ ಆಯ್ತು ಅಷ್ಟೇ."

ಸಲೀಮಾಗೆ ಹೊಟ್ಟೆಕಿಚ್ಚಾಯಿತು. ಹೌದು, ಅಳುವುದಕ್ಕೆ ಜಾಗ ಸಿಕ್ಕವಳನ್ನು ಕಂಡು ಹೊಟ್ಟೆಕಿಚ್ಚು. ತನ್ನನ್ನೂ ಯಾರಾದರೂ ಹಾಗೆ ಕೂರಿಸಿಕೊಂಡು ಕೇಳಬೇಕು ಎಂಬ ಆಸೆ ಎಷ್ಟು ಜೋರಾಗಿ ಬಂತೆಂದರೆ ಕೊಡ ತುಂಬಿ ನೀರು ಹೊರಗೆ ಹರಿದರೂ ಅವಳಿಗೆ ತಿಳಿಯಲಿಲ್ಲ.

ಅವತ್ತು ಊಟಕ್ಕೆ ಕೂತ ಅಕ್ರಂ ಎಂದಿನಂತೆ ವರದಿ ಶುರು ಮಾಡಿದ.

"ಹೋದ್ವರ್ಷ ದಿನ ತುಂಬೋ ಮುಂಚೆ ಕಂದು ಹಾಕಿತ್ತಲ್ಲ ಆ ಕೆಂಚು ಕುದುರೆ, ಅದು ಮತ್ತೆ ಗಬ್ಬ ಆಗದೆ. ಡಾಕ್ಟ್ರು ಬುಡ್ತಾರಾ? ಆವಾಗ್ಲೇ ರಕ್ತ ತಗೊಂಡು ಬೆಂಗಳೂರಿಗೆ ಕಳ್ಸಿದ್ರು. ಯಾವ ತಿಂಗ್ಳಲ್ಲಿ ಹೋಯ್ತು, ಮೇವು ಏನು, ಎಲ್ಲಾ ನನ್ನೇ ಕೇಳುದ್ರು. ಯಾಕೆ ಹಿಂಗಾಯ್ತು ಅಂತ ಗೊತ್ತಾಗ್ಬೇಕಲ್ವಾ? ಗೊತ್ತಾದ್ರೆ ತಾನೇ ಮುಂದಿಂದು ಉಳಿಯೋದು."

ಸಲೀಮಾ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಲಿಲ್ಲ. ಅದು ಸುಟ್ಟು ಹೊಗೆ ಬಂತು.

"ಏನ್ರೀ, ನಾನೂ ಆ ಕುದುರೆ ಆಗಿದ್ರೆ ಚೆನ್ನಾಗಿತ್ತು," ಎಂದಳು.

"ಏನಂದೆ?"

"ಅದರದ್ದು ಒಂದು ಹೋಯ್ತು. ಅಷ್ಟು ಜನ ಯಾಕೆ ಅಂತ ಕೇಳುದ್ರು. ನಂದು ಮೂರು ಹೋಯ್ತು. ನೀವು ಕೇಳುದ್ರಾ? ಇವತ್ತು ಕೇಳೋರು ಬಾಗಿಲಿಗೇ ಬಂದಿದ್ರು. ಒಂದ್ಸಲಾನೂ ಇಲ್ಲ ಅಂತ ಕಳ್ಸಿಬಿಟ್ವಿ."

ಸೊಸೆ ಇಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಅಕ್ರಂ ತಟ್ಟೆಯಲ್ಲೇ ಕೈಯಿಟ್ಟು ಕೂತ. ಕುದುರೆಯ ಒಂದು ಕೂದಲು ಉದುರಿದರೂ ಕಾಣುವ ಕಣ್ಣು ಅವನದು. ಹೆಂಡತಿ ಹೀಗೆ ಬಾಡಿದ್ದು ಅವನಿಗೆ ಆಗ ಕಂಡಿತು.

ರಹಿಮಾ ಬೀಗೆ ಮಾತ್ರ ಸಿಟ್ಟು ಬಂತು. ಸಿಟ್ಟೆಂದರೂ ಅದು ಹೆದರಿಕೆಯೇ. "ಏನು ಮರ್ತುಬಿಟ್ರಾ ಇಬ್ರೂ? ನನ್ ಕೊನೇ ತಮ್ಮ ನಜೀರ್ ಬಳೆ ಮಾರಕ್ಕೆ ಅಂತ ಹೋದೋನು. ಬಸ್ಸಿಂದ ಇಳಿಸಿ ಕರ್ಕೊಂಡ್ಹೋದ್ರು. ರಕ್ತ ನೋಡ್ತೀವಿ ಅಂತಾನೇ ಅಂದಿದ್ದು. ಮಕ್ಕಳಾಗದಂಗೆ ಆಪರೇಷನ್ ಮಾಡಿ ಕಳ್ಸಿದ್ರು. ಮದುವೆ ಆಗಿ ವರ್ಷ ತುಂಬಿರ್ಲಿಲ್ಲ. ಈಗ ನೋಡು, ಗಂಡ ಹೆಂಡ್ತಿ ಇಬ್ರೂ ಗೋಡೆ ನೋಡ್ಕೊಂಡು ಕೂತಿರ್ತಾರೆ. ಸೂಜಿ ಹಿಡ್ಕೊಂಡು ಬಂದೋರ್ನ ನಾನು ನಂಬಲ್ಲ!"

ನಡೆದದ್ದು ನಿಜವಾಗಿತ್ತು. ಎಮರ್ಜೆನ್ಸಿಯ ಕಾಲದಲ್ಲಿ ಹಾಗೆ ಸಿಕ್ಕಿಬಿದ್ದವನು ನಜೀರನೊಬ್ಬನೇ ಅಲ್ಲ.

ಮಾರನೆಯ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಕ್ರಂ ಸರ್ಕಾರಿ ಆಸ್ಪತ್ರೆಯ ಮುಂದೆ ನಿಂತ. ಏನು ಹೇಳಿದನೋ, ಎಷ್ಟು ತಡವರಿಸಿದನೋ, ಅಂತೂ ಸಂಜೆ ಮರಿಯಮ್ಮ ಮತ್ತು ಡಾಕ್ಟರಮ್ಮ ಮತ್ತೆ ಬಂದರು. ಮಹಾಲಕ್ಷ್ಮಮ್ಮನೂ ಕೂಸನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದಳು. ಕರೆದವರು ಯಾರೆಂದು ಕೇಳಬೇಡಿ. ಅಂಥ ಸಮಯಕ್ಕೆ ಅವಳನ್ನು ಕರೆಯಬೇಕಾಗಿಯೇ ಇಲ್ಲ.

ರಹಿಮಾ ಬೀ ತಮ್ಮನ ಕತೆಯನ್ನೇ ಮುಂದಿಟ್ಟಳು. ಮರಿಯಮ್ಮ ಸುಳ್ಳು ಎನ್ನಲಿಲ್ಲ.

"ಅದು ಅನ್ಯಾಯಾನೇ ರಹಿಮಾ ಬೀ. ನಾನೂ ಕಣ್ಣಲ್ಲಿ ನೋಡಿದೀನಿ. ಅದಕ್ಕೇ ಈಗ ಬಾಗಿಲಲ್ಲಿ ನಿಂತು ಕೇಳ್ತಾ ಇದೀವಿ. ನಿಮ್ ಸೊಸೆ ಹೂಂ ಅಂದ್ರೆ ಮಾತ್ರ. ಬೇಡ ಅಂದ್ರೆ ನಮಸ್ಕಾರ ಹೇಳಿ ಹೋಗ್ತೀವಿ."

"ಆಮೇಲೆ ಬೇಡ ಅನ್ಸಿದ್ರೆ?" ಎಂದ ಅಕ್ರಂ.

"ಅವತ್ತೇ ಬಿಡಬಹುದು," ಎಂದರು ಡಾಕ್ಟರಮ್ಮ. "ಯಾಕೆ ಅಂತ ನಾವು ಕೇಳಲ್ಲ. ಬಿಟ್ರೂ ಆಸ್ಪತ್ರೆಯಲ್ಲಿ ನೋಡೋದು, ಔಷಧಿ ಕೊಡೋದು ನಿಲ್ಲಲ್ಲ. ಇವಳ ಹೆಸರು ಹೊರಗೆ ಹೋಗಲ್ಲ. ಬೆರಳಿಂದ ಒಂದೆರಡು ಹನಿ ರಕ್ತ ತಗೋತೀವಿ, ಬಿ.ಪಿ. ನೋಡ್ತೀವಿ, ಕೇಳ್ತೀವಿ. ಏನು ಗೊತ್ತಾಗುತ್ತೋ ಅದನ್ನ ಮೊದ್ಲು ಇವಳಿಗೇ ಹೇಳ್ತೀವಿ."

"ಕೂಸು ಉಳೀತದಾ?" ಸಲೀಮಾ ಕೇಳಿಯೇಬಿಟ್ಟಳು. ಬಸುರಿನ ಗುಟ್ಟು ಅಲ್ಲಿಗೆ ರಟ್ಟಾಯಿತು.

ಡಾಕ್ಟರಮ್ಮ ಅವಳ ಮುಖ ನೋಡಿದರು. "ಮಾತು ಕೊಡಕ್ಕಾಗಲ್ಲ ತಾಯಿ. ಇದು ತಿಳ್ಕೊಳ್ಳೋ ಕೆಲಸ. ನಿನ್ನಿಂದ ಗೊತ್ತಾಗಿದ್ದು ನಿನಗೆ ಆಗದಿದ್ದರೂ ಇನ್ನೊಬ್ಬಳಿಗೆ ಆಗಬಹುದು. ನಿನಗೇ ಆದ್ರೆ ನನಗೂ ಸಂತೋಷ."

ತಾಯಿತ ಕಟ್ಟಿದವರು ಉಳಿಯುತ್ತದೆ ಎಂದಿದ್ದರು. ಬೇರು ಅರೆದು ಕೊಟ್ಟವಳು ನೂರಕ್ಕೆ ನೂರು ಎಂದಿದ್ದಳು. ಗೊತ್ತಿಲ್ಲ ಎಂದವರು ಇವರೊಬ್ಬರೇ. ಯಾಕೋ ಸಲೀಮಾಗೆ ಅದರ ಮೇಲೇ ನಂಬಿಕೆ ಬಂತು. ಅತ್ತೆಯ ಕಡೆ ನೋಡದೆ ಪರದೆ ಸರಿಸಿ ಹೊರಗೆ ಬಂದು ಚಾಪೆಯ ಮೇಲೆ ಕೂತಳು.

"ನಿನ್ನೆ ಸುಳ್ಳಾಯ್ತು ಡಾಕ್ಟ್ರಮ್ಮ. ಇದು ನಾಕನೇದು. ಮೂರು ಹೋದ್ವು."

ಒಂದೊಂದಾಗಿ ಹೇಳಿದಳು. ಎದೆಯ ಹಾಲಿನ ವಿಷಯವನ್ನೂ ಹೇಳಿದಳು. ಅಕ್ರಂ ಬಾಗಿಲ ಕಡೆ ಮುಖ ತಿರುಗಿಸಿ ನಿಂತುಕೊಂಡ.

"ಮೂರೂ ಐದನೇ ತಿಂಗ್ಳಲ್ಲೇ? ಮೊದ್ಲು ನೋವೇ ಬರ್ಲಿಲ್ವಾ?" ಡಾಕ್ಟರಮ್ಮ ಎರಡೆರಡು ಸಲ ಕೇಳಿದರು. ಆಮೇಲೆ ಅವರ ಮುಖ ಬದಲಾಯಿತು. "ಒಳ್ಳೇದಾಯ್ತು ಈಗ್ಲೇ ಹೇಳಿದ್ದು. ಇನ್ನೊಂದು ತಿಂಗ್ಳು ಕಳೆದಿದ್ರೆ ತಡ ಆಗ್ತಿತ್ತು. ನಾಳೆ ಆಸ್ಪತ್ರೆಗೆ ಬಾ, ಪರೀಕ್ಷೆ ಮಾಡ್ತೀನಿ."

ಪರೀಕ್ಷೆಯಲ್ಲಿ ಕಂಡದ್ದು ಇಷ್ಟು. ಮೈಯಲ್ಲಿ ರಕ್ತ ಬಹಳ ಕಡಿಮೆ, ಅದಕ್ಕೆ ಕಬ್ಬಿಣದ ಮಾತ್ರೆ, ಸೊಪ್ಪು, ಬೆಲ್ಲ. ಅದಕ್ಕಿಂತ ಮುಖ್ಯವಾದದ್ದು, ಅವಳ ಗರ್ಭದ ಬಾಯಿ ಸಡಿಲ. ಕೂಸು ತುಸು ಭಾರವಾದ ಕೂಡಲೆ ತಡೆಯುವ ಬಲವಿಲ್ಲದೆ ತೆರೆದುಕೊಳ್ಳುತ್ತಿತ್ತು. ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಒಂದು ಹೊಲಿಗೆ ಹಾಕಬೇಕು.

"ನೋಡಿದ್ರಾ!" ರಹಿಮಾ ಬೀ ಎದ್ದೇ ನಿಂತಳು. "ಬಂತಲ್ಲ ಆಪರೇಷನ್ನು! ನಾನೇನು ಹೇಳ್ದೆ?"

"ಅಮ್ಮಾ, ಅದು ಮಕ್ಕಳು ಆಗದಂಗೆ ಮಾಡೋದು. ಇದು ಆದ ಕೂಸು ಬೀಳದಂಗೆ ಮಾಡೋದು," ಎಂದರು ಡಾಕ್ಟರಮ್ಮ. "ರಾಗಿ ತುಂಬಿದ ಮೇಲೆ ಚೀಲದ ಬಾಯಿ ದಾರದಲ್ಲಿ ಕಟ್ಟಲ್ವಾ? ದಿನ ತುಂಬಿದ ಮೇಲೆ ಬಿಚ್ತೀವಿ. ಬೇಕಾದ್ರೆ ನೀವೂ ಬನ್ನಿ, ಬಾಗಿಲಲ್ಲೇ ಕೂತಿರಿ."

"ಕೂರ್ದೆ ಬುಡ್ತೀನಾ?" ಎಂದಳು ಮುದುಕಿ.

ಕೂತಳು. ತುಮಕೂರಿನ ಆಸ್ಪತ್ರೆಯ ಆ ಬಾಗಿಲ ಮುಂದೆ ತಸ್ಬಿ ಮಣಿ ಎಣಿಸುತ್ತ, ಹೋಗಿ ಬರುವ ನರ್ಸುಗಳನ್ನೆಲ್ಲ ಕಳ್ಳರನ್ನು ನೋಡುವ ಹಾಗೆ ನೋಡುತ್ತ ಕೂತಳು. ಸೊಸೆ ಹೊರಗೆ ಬಂದಾಗ ಮೊದಲು ಕೇಳಿದ ಮಾತು, "ಇದೆಯಾ?" ಸಲೀಮಾ ಹೊಟ್ಟೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಕಾಯುವುದಕ್ಕಿಂತ ದೊಡ್ಡ ದುಡಿಮೆ ಇನ್ನೊಂದಿಲ್ಲ. ಐದನೇ ತಿಂಗಳು ಬಂದಾಗ ಸಲೀಮಾ ಮಾತೇ ಬಿಟ್ಟಳು. ಮಾತಾಡಿದರೆ ಜಾರಿಹೋದೀತು ಎನ್ನುವ ಭಯ. ಅತ್ತೆ ಅವಳನ್ನು ನೀರಿಗೆ ಕಳಿಸಲಿಲ್ಲ, ಒಲೆಯ ಮುಂದೆ ಬಗ್ಗಲು ಬಿಡಲಿಲ್ಲ. ಮರಿಯಮ್ಮ ಸೈಕಲ್ ತಳ್ಳಿಕೊಂಡು ಬಂದು ನೋಡಿ ಹೋಗುತ್ತಿದ್ದಳು. ಅಕ್ರಂ ಊಟದ ಮುಂದೆ ಕುದುರೆಯ ಮಾತು ನಿಲ್ಲಿಸಿ, "ಇವತ್ತು ಹೆಂಗಿದೀಯಾ?" ಎಂದು ಕೇಳುವುದನ್ನು ಕಲಿತ. ತಡವಾಗಿ ಕಲಿತ, ಆದರೂ ಕಲಿತ.

ಐದು ಮುಗಿಯಿತು. ಆರು ಬಂತು. ದಿನ ತುಂಬಿದ ಮೇಲೆ ಡಾಕ್ಟರಮ್ಮ ಹೊಲಿಗೆ ಬಿಚ್ಚಿದರು, ಹೆಣ್ಣು ಮಗು ಹುಟ್ಟಿತು. ಜಮಾಲುನ್ನೀಸಾ ಎಂದು ಹೆಸರಿಟ್ಟರು. ಕೂಸಿಗಿಂತ ಹೆಸರೇ ಉದ್ದ ಎಂದು ಮಹಾಲಕ್ಷ್ಮಮ್ಮ ನಕ್ಕಳು. ಸಲೀಮಾ ನಗುತ್ತಲೇ ಅತ್ತಳು. ಮಡಿಲು ತುಂಬಿದ ಮೇಲೂ ಹೋದ ಮೂರರ ಜಾಗ ಹಾಗೇ ಖಾಲಿ ಇತ್ತು. ಅದು ತುಂಬುವಂಥದ್ದಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಆದರೆ ಈಗ ಅವುಗಳ ಮಾತು ಆಡಬಹುದಿತ್ತು, ಆಡುತ್ತಿದ್ದಳು.

ಕೂಸಿಗೆ ಕತ್ತು ನಿಂತ ಮೇಲೆ ಮರಿಯಮ್ಮ ಒಂದು ಸುದ್ದಿ ತಂದಳು. ತುಮಕೂರಿನಲ್ಲಿ ಹೆಂಗಸರ ಆರೋಗ್ಯದ ಸಭೆ. ಸಂಶೋಧನೆಯಲ್ಲಿ ಏನು ತಿಳಿಯಿತು ಎಂದು ಸೇರಿದ ಹೆಂಗಸರಿಗೇ ಮೊದಲು ಹೇಳುತ್ತಾರೆ. ಯಾವ ವಯಸ್ಸಿನವರೂ ಬರಬಹುದು, ಮಾತಾಡಬಹುದು.

"ಮುದುಕೀರೂನಾ?" ಎಂದಳು ರಹಿಮಾ ಬೀ, ಎಲೆ ಅಡಿಕೆ ಜಗಿಯುತ್ತ, ಏನೂ ಅಲ್ಲವೆಂಬಂತೆ.

ಎಲ್ಲರೂ ಬಸ್ಸು ಹತ್ತಿದರು. ಸಭೆಯಲ್ಲಿ ಮರಳೂರು, ಕಡಬ, ಗುಬ್ಬಿ ಎಂದು ಎಲ್ಲೆಲ್ಲಿಂದಲೋ ಹೆಂಗಸರು ಸೇರಿದ್ದರು. ಡಾಕ್ಟರಮ್ಮ ತಿಳಿದದ್ದನ್ನೆಲ್ಲ ಹೇಳಿ ಮುಗಿಸಿ, ಯಾರಾದರೂ ಮಾತಾಡುತ್ತೀರಾ ಎಂದರು. ಸಲೀಮಾ ಏಳಬೇಕೆಂದು ಕೂಸನ್ನು ಅತ್ತೆಯ ಕೈಗೆ ಕೊಡಲು ತಿರುಗಿದರೆ, ಅತ್ತೆ ಆಗಲೇ ಎದ್ದು ನಿಂತಿದ್ದಾಳೆ.

"ನಾನು ಎರಡು ಹೆತ್ತೆ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದಿದೀನಿ," ಎಂದಳು ರಹಿಮಾ ಬೀ. "ಹೆತ್ತಿದ್ದು ಮೂರು. ನಡುವೆ ಒಂದು ಗಂಡು. ಏಳು ತಿಂಗ್ಳಾಗಿತ್ತು. ಕಾಲು ಬುಸ್ ಅಂತ ಊದ್ಕೊಂಡಿತ್ತು. ತಲೆ ಸಿಡೀತಿತ್ತು, ಕಣ್ಣು ಮಂಜು ಮಂಜು. ಬಸುರಿ ಕಾಲು ಊದೋದು ಇದ್ದಿದ್ದೇ ಅಂದ್ರು. ಆಮೇಲೆ ಫಿಟ್ಸ್ ಬಂತು. ಎಚ್ಚರ ಆದಾಗ ಕೂಸು ಇರ್ಲಿಲ್ಲ. ಮುಖಾನೂ ನೋಡ್ಲಿಲ್ಲ ನಾನು. ಬಾಯಲ್ಲಿ ಎತ್ಬೇಡ ಅಂದ್ರು ನಮ್ಮತ್ತೆ. ಎತ್ಲಿಲ್ಲ. ಇವತ್ತು ಎತ್ತಿದೀನಿ. ಬರ್ಕೊಳಮ್ಮ, ಅದೂ ನನ್ ಮಗಾನೇ."

ತನ್ನ ಎದೆಗೆ ಬಟ್ಟೆ ಕಟ್ಟುತ್ತ ಅತ್ತೆ ಆಡಿದ ಮಾತು ಎಲ್ಲಿಂದ ಬಂತೆಂದು ಸಲೀಮಾಗೆ ಆಗ ತಿಳಿಯಿತು.

ಆ ಹೊತ್ತಿಗೆ ಪಕ್ಕದ ಸಾಲಿನಲ್ಲಿ ಗುಬ್ಬಿಯ ಕಡೆಯ ಒಬ್ಬ ಹುಡುಗಿ, ರಂಗಮ್ಮ ಎಂದು ಆಮೇಲೆ ತಿಳಿಯಿತು, ತುಂಬು ಬಸುರಿ, ತನ್ನ ಎರಡೂ ಪಾದಗಳನ್ನು ಮೆಲ್ಲಗೆ ಸೀರೆಯ ಅಂಚಿನೊಳಕ್ಕೆ ಎಳೆದುಕೊಂಡಳು. ಯಾರೂ ನೋಡಲಿಲ್ಲ. ರಹಿಮಾ ಬೀ ನೋಡಿದಳು.

ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ಬಗ್ಗಿ ಆ ಹುಡುಗಿಯ ಕಾಲನ್ನು ಬೆರಳಲ್ಲಿ ಒತ್ತಿದಳು. ಒತ್ತಿದ ಕಡೆ ಗುಳಿ ಬಿತ್ತು, ಮೇಲೇಳಲಿಲ್ಲ.

"ತಲೆ ನೋಯ್ತದಾ ಮಗಾ?"

"ಹೂಂ ಅಜ್ಜಿ. ಮನೇಲಿ ಏನೂ ಇಲ್ಲ ಅಂದ್ರು."

"ನಂಗೂ ಹಂಗೇ ಅಂದಿದ್ರು. ಏಳು." ಅವಳ ರೆಟ್ಟೆ ಹಿಡಿದು ರಹಿಮಾ ಬೀ ನೇರವಾಗಿ ಡಾಕ್ಟರಮ್ಮನ ಮುಂದೆ ನಿಲ್ಲಿಸಿದಳು. "ಇವಳುನ್ನ ಈಗ್ಲೇ ನೋಡಮ್ಮ. ಭಾಷಣ ಆಮೇಲೆ."

ಅಕ್ಕತಂಗಿಯರೇ, ನಿಮ್ಮ ಬಾಗಿಲಿಗೂ ಹೀಗೆ ಕೇಳುವವರು ಬರುತ್ತಾರೆ. ನಿಮ್ಮೂರಲ್ಲೂ ಹೆಂಗಸರ ಆರೋಗ್ಯದ ಸಭೆ ನಡೆಯುತ್ತದೆ. ಅವರು ಕೇಳುವ ಮುಂಚೆ ನೀವು ಕೇಳಿ: ಯಾರು ನೀವು, ಯಾತಕ್ಕೆ ಬಂದಿರಿ, ನನಗೆ ಏನು ಮಾಡುತ್ತೀರಿ, ಬೇಡವೆಂದರೆ ಬಿಡುತ್ತೀರಾ? ಉತ್ತರ ಸರಿ ಕಾಣದಿದ್ದರೆ ಧೈರ್ಯವಾಗಿ ಬೇಡ ಎನ್ನಿ. ಸರಿ ಕಂಡರೆ ಹೋಗಿ ಕೂತುಕೊಳ್ಳಿ, ಅತ್ತೆಯನ್ನೂ ಕರೆದುಕೊಂಡು ಹೋಗಿ. ಉತ್ತರವನ್ನು ಮಾತ್ರ ನಿಮ್ಮ ಬಾಯಲ್ಲೇ ಹೇಳಿ. ಉಳಿದ ಮಕ್ಕಳನ್ನು ಹೇಳುವಾಗ ಹೋದ ಕೂಸನ್ನೂ ಹೇಳಿ. ರಹಿಮಾ ಬೀ ಮುಖವನ್ನೂ ನೋಡದ ಆ ಮಗನ ಕತೆಯಿಂದಲೇ, ಬಿ.ಪಿ. ಏರಿದ್ದ ಗುಬ್ಬಿಯ ರಂಗಮ್ಮ ಅವತ್ತೇ ಆಸ್ಪತ್ರೆ ಸೇರಿದಳು. ತಾಯಿಯೂ ಉಳಿದಳು, ಮಗುವೂ ಉಳಿಯಿತು.